ಸೀಲು ಹರಿದವಳು

ಪರದೆಯ ಮೇಲಿನ ದವಡೆ ತಿರುಗಬೇಕಿತ್ತು, ತಿರುಗಲಿಲ್ಲ. ಸಾವಂತ್ರಿ ಮೌಸನ್ನು ಎಡಕ್ಕೆಳೆದು ಕೈಬಿಟ್ಟು ಕಾದಳು. ಚಿತ್ರ ಒಮ್ಮೆ ಕುಪ್ಪಳಿಸಿತು, ನಿಂತಿತು, ಇನ್ನೊಮ್ಮೆ ಕುಪ್ಪಳಿಸಿತು. ಹಲ್ಲುಗಳೆಲ್ಲ ಮೂಳೆ ಬಿಟ್ಟು ಗಾಳಿಯಲ್ಲಿ ತೇಲಿದಂತೆ ಕಂಡು, ಆಮೇಲೆ ಒಂದೊಂದಾಗಿ ಬಂದು ತಮ್ಮ ಜಾಗದಲ್ಲಿ ಕೂತವು.

ಹಿಂದಿನ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಫಕೀರವ್ವ, ಬಾತುಕೊಂಡಿದ್ದ ಎಡಗೆನ್ನೆಗೆ ಒತ್ತಿಹಿಡಿದಿದ್ದ ಸೆರಗನ್ನು ಸರಿಸಿ, "ತಂಗೀ, ನಿನ್ನ ಕಂಪ್ಯೂಟರ್ ಕುಂಟೆತ್ತು ನಡದಂಗ ನಡೀತೈತಲ್ಲ" ಅಂದಳು.

"ಕುಂಟೆತ್ತಲ್ಲ ಅಕ್ಕಾರ. ಗಟ್ಟಿ ಎತ್ತು ಬ್ಯಾರೆ ಐತಿ ಒಳಗ. ಅದನ್ನ ಹೂಡಾಕ ನಮಗ ಹುಕುಂ ಇಲ್ಲ."

"ಯಾರ ಎತ್ತು ಅದು?"

"ನಮ್ದ."

"ಮೇವು?"

"ಕರೆಂಟ್ ಅಂದ್ರ ಮೇವು. ಅದೂ ನಮ್ದ."

"ಮತ್ತ ಹೊಲ ಯಾರದು?"

ಸಾವಂತ್ರಿಗೆ ನಗು ಬಂತು, ನಗುವಿನ ಜೊತೆ ಸಿಟ್ಟೂ ಬಂತು. "ಹೊಲ ಮಾತ್ರ ಮಂದೀದು" ಅಂದಳು.

ಅದು ಗದಗಿನ ಒಂದು ಟ್ರಸ್ಟ್ ಆಸ್ಪತ್ರೆ. ಮುಖದ ಮೂಳೆ ಕಳೆದುಕೊಂಡವರಿಗೆ ಲೋಹದ ಮೂಳೆ ಮಾಡಿ ಕೂಡಿಸುವ ವಿಭಾಗಕ್ಕೆ ಸುತ್ತಲಿನ ನಾಲ್ಕು ಜಿಲ್ಲೆಗಳಿಂದ ಜನ ಬರುತ್ತಿದ್ದರು. ಸಾವಂತ್ರಿ ಕಮ್ಮಾರ ಆ ವಿಭಾಗದ ಏಕೈಕ ಡಿಸೈನ್ ಇಂಜಿನಿಯರ್. ಸ್ಕ್ಯಾನಿನಲ್ಲಿ ಬಂದ ತಲೆಬುರುಡೆಯನ್ನು ಡಿಸೈನ್ ಸಾಫ್ಟ್‌ವೇರಿನೊಳಗೆ ಇಳಿಸಿಕೊಂಡು, ಕತ್ತರಿಸಿ ತೆಗೆಯಬೇಕಾದಷ್ಟನ್ನು ತೆಗೆದು, ಆ ಜಾಗಕ್ಕೆ ಒಪ್ಪುವ ಟೈಟಾನಿಯಂ ತುಂಡನ್ನು ರೂಪಿಸುವುದು ಅವಳ ಕೆಲಸ. ಪಕ್ಕದ ಕೋಣೆಯ ಪ್ರಿಂಟರು ಲೋಹದ ಪುಡಿಯನ್ನು ಪದರ ಪದರವಾಗಿ ಬೆಸೆದು ಅದನ್ನು ಕೈಗೆ ಕೊಡುತ್ತಿತ್ತು.

ಅವಳ ಕಂಪ್ಯೂಟರಿನೊಳಗೆ ಚಿತ್ರ ಬರೆಯುವವರು ಇಬ್ಬರಿದ್ದರು. ಒಬ್ಬ ಪ್ರೊಸೆಸರಿನ ಮಗ್ಗುಲಲ್ಲೇ ಮುದುರಿಕೊಂಡ ಸಣ್ಣ ಚಿತ್ರಘಟಕ. ಅಕ್ಷರ, ಫೋಟೋ, ಒಂದಿಷ್ಟು ವಿಡಿಯೋ ತೋರಿಸುವುದಕ್ಕೆ ಅವನು ಸಾಕು. ಇನ್ನೊಬ್ಬ ಪೆಟ್ಟಿಗೆಯಲ್ಲಿ ಅಡ್ಡಲಾಗಿ ಕೂತ, ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು. ಅದಕ್ಕೆ ಅದರದೇ ಸ್ಮರಣೆ, ಅದರದೇ ಫ್ಯಾನುಗಳು, ಒಂದೇ ಏಟಿಗೆ ಸಾವಿರಾರು ಲೆಕ್ಕ ಮಾಡುವ ಸಾವಿರಾರು ಕೈಗಳು. ದವಡೆಯೊಂದು ಅಗಿಯುವಾಗ ಎಲ್ಲಿ ಭಾರ ಬೀಳುತ್ತದೆ, ಎಲ್ಲಿ ಸೀಳು ಬಿಡುತ್ತದೆ ಎಂಬುದನ್ನು ಲೆಕ್ಕ ಹಾಕುವುದಕ್ಕೆ ಬೇಕಾದವನು ಅವನೇ. ಆದರೆ ಅವನ ಹೆಗಲ ಮೇಲೆ ಬೇರೆಯವರ ನೊಗವಿತ್ತು.

ಕಾರ್ಡುಗಳು ಬಂಗಾರಕ್ಕಿಂತ ತುಟ್ಟಿಯಾದ ಕಾಲದಲ್ಲಿ 'ಸಮೂಹ' ಎಂಬ ಕಂಪನಿ ಹುಟ್ಟಿಕೊಂಡಿತ್ತು. ಮನೆಮನೆಗೆ, ಶಾಲೆಗೆ, ಆಸ್ಪತ್ರೆಗೆ ಅದು ಕಾರ್ಡುಗಳನ್ನು ಪುಕ್ಕಟೆ ಹಂಚಿತು. ಕರೆಂಟ್ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿಯನ್ನೂ ಕೊಡಿಸಿತು. ಷರತ್ತು ಒಂದೇ: ಕಾರ್ಡಿನ ಶಕ್ತಿಯೆಲ್ಲ ತಂತಿಯ ಮೂಲಕ ಕಂಪನಿಯ ದೊಡ್ಡ ಜಾಲಕ್ಕೆ ಸೇರಬೇಕು. ನಿಮ್ಮ ಭಾರದ ಕೆಲಸ ನೀವು ಜಾಲಕ್ಕೆ ಕಳಿಸಿ, ಸರದಿ ಬಂದಾಗ ಉತ್ತರ ಪಡೆಯಿರಿ. ಕಾರ್ಡಿನ ಬೆನ್ನಿಗಿರುವ, ಮಾನಿಟರಿನ ಕೇಬಲ್ ಚುಚ್ಚುವ ಕಿಂಡಿಗಳ ಮೇಲೆ ತಗಡೊಂದನ್ನು ಕೂರಿಸಿ, ಕರೆಂಟಿನ ಮೀಟರಿಗೆ ಹಾಕುವ ಹಾಗೆ ತಂತಿ ಪೋಣಿಸಿ ಸೀಸದ ಸೀಲು ಒತ್ತಿದ್ದರು. ಎಲ್ಲ ಡಿಸೈನ್ ಸಾಫ್ಟ್‌ವೇರುಗಳೂ ಸಣ್ಣ ಚಿತ್ರಘಟಕದ ಮೇಲೇ ತೆವಳಬೇಕು ಎಂದು ಒಳಗೇ ಬರೆದುಬಿಟ್ಟಿದ್ದರು.

ಜನ ಹೊಂದಿಕೊಂಡರು. ಜನ ಯಾವುದಕ್ಕೆ ಹೊಂದಿಕೊಂಡಿಲ್ಲ?

"ಬಾಯಿ ಎಷ್ಟ್ ಅಗಲ ತಗೀತೀರಿ, ಒಮ್ಮೆ ತೋರಸ್ರಿ ಅಕ್ಕಾರ" ಎಂದು ಸಾವಂತ್ರಿ ಅಳತೆಯ ಕ್ಯಾಮೆರಾವನ್ನು ತಿರುಗಿಸಿದಳು.

"ಸುಮ್ನ ತಗೀಲೋ, ಸವಾಲ್ ಕೂಗೂವಾಗ ತಗ್ಯೂವಂಗ ತಗೀಲೋ?"

ಫಕೀರವ್ವ ಗದಗಿನ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುವವಳು. ಗಂಡಸರೇ ಕೂಗುತ್ತಿದ್ದ ಕಟ್ಟೆಯ ಮೇಲೆ, ಗಂಡ ತೀರಿಹೋದ ವರ್ಷ ಹತ್ತಿ ನಿಂತವಳು ಮತ್ತೆ ಇಳಿದಿರಲಿಲ್ಲ. ಬದನೆ, ಟೊಮೆಟೊ, ಮೆಂತ್ಯೆ ಯಾವುದೇ ಇರಲಿ, ಅವಳ ದನಿ ಮಾರ್ಕೆಟ್ಟಿನ ಹೊರಗಿನ ರಿಕ್ಷಾ ಸ್ಟ್ಯಾಂಡಿಗೂ ಕೇಳುತ್ತಿತ್ತು. ದವಡೆಯ ಮೂಳೆಯೊಳಗೆ ಗಂಟು ಬೆಳೆದು ಹಲ್ಲು ಅಲ್ಲಾಡತೊಡಗಿದ ಮೇಲೂ ಒಂದು ಹಂಗಾಮು ಕೂಗಿಯೇ ಬಂದಿದ್ದಳು.

"ಕೂಗೂವಂಗ ತಗೀರಿ" ಅಂದಳು ಸಾವಂತ್ರಿ.

ಫಕೀರವ್ವ ಕಣ್ಣು ಮುಚ್ಚಿ, ಕೊರಳು ಎತ್ತಿ, "ಏಏ ಬಾ ಬಾ ಬಾ, ಬದನೀಕಾಯಿ!" ಎಂದು ಕೂಗಿದ್ದೇ ಕಾರಿಡಾರಿನಿಂದ ನರ್ಸುಗಳು ಓಡಿ ಬಂದರು. ನೋವಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ಆದರೂ ನಗುತ್ತಿದ್ದಳು.

ಅವಳ ದವಡೆಯ ವಿನ್ಯಾಸ ಜಾಲದ ಸರದಿಯಲ್ಲಿ ಕಾದು ಕಾದು, ಕೊನೆಗೆ ಪಾಸಾಗಿ ಬಂತು. ಜಾಲ ಪರೀಕ್ಷಿಸಿದ್ದು ಅಗಿಯುವ ಬಾಯನ್ನು ಮಾತ್ರ. ಕೂಗುವ ಬಾಯಿ ಅವರ ಪಟ್ಟಿಯಲ್ಲಿರಲಿಲ್ಲ. ಸಾವಂತ್ರಿ ಎರಡು ಸಲ ಕೇಳಿದಳು. "ಸಾಮಾನ್ಯ ಬಳಕೆಗೆ ಇಷ್ಟು ಸಾಕು" ಎಂಬ ಉತ್ತರ ಎರಡು ಸಲವೂ ಬಂತು.

ಆಪರೇಶನ್ನಿನ ಹಿಂದಿನ ಸಂಜೆ ಸಾವಂತ್ರಿ ಮನೆಗೆ ಬಂದಾಗ ಅತ್ತೆ ಬಾಳವ್ವ ಪಡಸಾಲೆಯ ಮೂಲೆಯಲ್ಲಿದ್ದ ಸಮೂಹದ ಪೆಟ್ಟಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ಹಗಲಿರುಳೂ ಬಿಸಿಗಾಳಿ ಉಗುಳುವ ಆ ಪೆಟ್ಟಿಗೆಗೆ ಓಣಿಯ ಹೆಂಗಸರು ಒಳ್ಳೆಯ ಬಳಕೆ ಕಂಡುಕೊಂಡಿದ್ದರು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಮೊಸರಿನ ಪಾತ್ರೆಗಳು ಅದರ ಪಕ್ಕದಲ್ಲಿ ಸಾಲಾಗಿ ಕೂರುತ್ತಿದ್ದವು. ಬಾಣಂತಿಯರ ಮನೆಯಲ್ಲಿ ಕೂಸಿನ ಬಟ್ಟೆ ಅದರ ಮೇಲೇ ಒಣಗುತ್ತಿತ್ತು. ಗುಂಯ್ ಎನ್ನುವ ಅದರ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎನ್ನುವವರೂ ಇದ್ದರು.

ಗಂಡ ಮಾರುದ್ರಪ್ಪ ಆಗಲೇ ಬಂದು ಕೈಕಾಲು ತೊಳೆದು ಕೂತಿದ್ದ. ಅವನು ಸಮೂಹದ್ದೇ ನೌಕರ. ಮುಳಗುಂದ ನಾಕಾದ ಹತ್ತಿರ ಕಂಪನಿಯ ನಿಗಾ ಕೋಣೆಯಿತ್ತು. ಗೋಡೆಯಷ್ಟು ದೊಡ್ಡ ನಕ್ಷೆಯ ಮೇಲೆ ಊರಿನ ಒಂದೊಂದು ಕಾರ್ಡಿಗೂ ಒಂದೊಂದು ದೀಪ. ಕಾರ್ಡು ಜಾಲಕ್ಕೆ ದುಡಿಯುತ್ತಿದ್ದರೆ ಹಸಿರು, ಕೈಕೊಟ್ಟರೆ ಕೆಂಪು. ಆ ದೀಪಗಳನ್ನು ನೋಡುತ್ತ ಕೂರುವುದು ಅವನ ಕೆಲಸ. ಅವನು ಮಾತು ಕಡಿಮೆಯ ಮನುಷ್ಯ. ಜಗಳ ಕಂಡರೆ ಎದ್ದು ಬೇರೆ ಕಡೆ ಹೋಗುವವನು.

"ನಾಳೆ ಕೋಣ್ಯಾಗ ಗದ್ದಲೋ ಗದ್ದಲ" ಅಂದ ರೊಟ್ಟಿ ಮುರಿಯುತ್ತ. "ಫೈನಲ್ ಮ್ಯಾಚ್ ಐತಿ. ನೋಡೂ ಒಬ್ಬೊಬ್ಬರಿಗೂ ಒಂದೊಂದು ಜಾಹೀರಾತು ಮಾಡ್ತಾರಂತ. ನೀ ನೋಡಿದ್ರ ನಿನ್ನ ಮಾರಿ ಇರೂ ಹೆಣ್ಮಗಳ ಬಂದು ಶರಬತ್ತು ಕುಡೀತಾಳ. ನಾ ನೋಡಿದ್ರ ನನ್ನ ಮಾರಿ. ಊರಿನ ಕಾರ್ಡೆಲ್ಲ ಬೆಳಿಗ್ಗಿಂದ ಅದಕ್ಕ."

"ದವಾಖಾನೀದು?"

ಅವನು ತಲೆ ತಗ್ಗಿಸಿದ. "ದವಾಖಾನೀದೂ."

"ಏನ್ರಿ, ಯಾವದರ ಕಾರ್ಡು ಕೆಂಪಾದ್ರ ಏನ್ ಮಾಡ್ತೀರಿ ನೀವು?"

"ಬೀಗ ಒತ್ತತೇವಿ. ಕಾರ್ಡು ಸತ್ತಂಗ ಆಕ್ಕೈತಿ. ಮೊದಲ ಯಂತ್ರನ ಒತ್ತತಿತ್ತು. ಎಲ್ಲೋ ನೀರಿನ ಪಂಪ್‌ಹೌಸಿಗೆ ಬೀಗ ಬಿದ್ದು ಇಡೀ ಊರಿಗೆ ನೀರಿಲ್ಲದಂಗ ಆತು. ಆವತ್ತಿಂದ ಡ್ಯೂಟಿ ಮ್ಯಾಲೆ ಇದ್ದಾವನ ಹೆಬ್ಬಟ್ಟ ಒತ್ತಬೇಕು ಅಂತ ಮಾಡ್ಯಾರ." ಅವನು ಹೆಂಡತಿಯ ಮುಖ ನೋಡಿದ. "ಯಾಕ ಕೇಳಿದಿ?"

"ಸುಮ್ನ" ಅಂದಳು.

ಆಗ ಅವಳು ನಿಜವಾಗಿಯೂ ಸುಮ್ಮನೆ ಕೇಳಿದ್ದಳು.

ಮರುದಿನ ಬೆಳಿಗ್ಗೆ ಫಕೀರವ್ವನನ್ನು ಒಳಗೆ ಕರೆದುಕೊಂಡು ಹೋದರು. ಡಾಕ್ಟರ್ ವಿಲ್ಸನ್ ದೊಡ್ಡಮನಿ ಬೆಟಗೇರಿಯವರು, ಈ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಪ್ರಿಂಟಾದ ತುಂಡು ಹೊಳೆಯುತ್ತ ತಟ್ಟೆಯಲ್ಲಿ ಸಿದ್ಧವಾಗಿತ್ತು. ಸಾವಂತ್ರಿ ತನ್ನ ಕೋಣೆಯಲ್ಲಿ ಮುಂದಿನ ಪೇಶಂಟಿನ ಸ್ಕ್ಯಾನು ತೆರೆದು ಕೂತಿದ್ದಳು. ಆಗ ಗೋಡೆಯ ಸ್ಪೀಕರಿನಲ್ಲಿ ಡಾಕ್ಟರ ದನಿ ಕೇಳಿತು.

"ಸಾವಂತ್ರಿಯವರ, ತುಂಡು ಸಾಲೂದಿಲ್ಲ."

"ಸಾಲೂದಿಲ್ಲ ಅಂದ್ರ ಸರ್?"

"ಗಂಟು ಸ್ಕ್ಯಾನಿನ್ಯಾಗ ಕಂಡದ್ದಕ್ಕಿಂತ ಮುಂದ ಹೋಗೈತಿ. ಗದ್ದದ ನಡು ದಾಟಿ ಬಲಕ್ಕ. ಅಷ್ಟೂ ತಗಿಯಬೇಕಾತು. ತಗದೇನಿ. ಈಗ ಹೊಸಾ ಅಂಚಿನ ಅಳತಿ ಕಳಸಾಕತ್ತೇನಿ. ಉದ್ದನ ತುಂಡು ಬೇಕು, ಗದ್ದನೂ ಸೇರಿ."

"ಎಷ್ಟೊತ್ತು ಕಾಯ್ತೀರಿ?"

"ಮಧ್ಯಾಹ್ನದ ಊಟದ ಹೊತ್ತಿನತನ ಕಾಯಬಲ್ಲೆ. ಆಮ್ಯಾಲೆ ಹೊಲಿಯಬೇಕು. ಗದ್ದ ಇಲ್ಲದ ಹೊಲಿದ್ರ ನಾಲಿಗಿಗೆ ಆಸರ ಇರೂದಿಲ್ಲ, ಹಿಂದ ಬೀಳತೈತಿ. ಗಂಟಲಾಗ ನಳಿಕಿ ಇಡಬೇಕು. ಮುಂದ ಯಾವಾಗರ ಕೂಡಸಾಕ ಹೋದ್ರ ಆ ಮಾಂಸ ಕಲ್ಲಾಗಿರತೈತಿ." "ಮಾತು ಬರೂದಿಲ್ಲ ಆಕಿಗೆ."

ಹೊಸ ಅಳತೆ ಪರದೆಗೆ ಬಂತು. ಸಾವಂತ್ರಿ ಆಕಾರವನ್ನು ಉದ್ದ ಮಾಡಲು ಹಿಡಿದು ಎಳೆದಳು. ದವಡೆ ಕುಪ್ಪಳಿಸಿತು, ನಿಂತಿತು. ಅವಳು ಜಾಲದ ಕಿಟಕಿ ತೆರೆದು ಕೆಲಸವನ್ನು ತುರ್ತು ಎಂದು ಕಳಿಸಿದಳು. ಸರದಿಯ ಸಮಯ ಕಾಣಿಸಿತು: ನಾಳೆ ಮುಂಜಾನೆ.

ಸಹಾಯವಾಣಿಗೆ ಫೋನ್ ಹಚ್ಚಿದಳು. ಸಕ್ಕರೆಯಂಥ ದನಿಯೊಂದು, "ನಿಮ್ಮ ಕೋರಿಕೆ ನಮಗೆ ಬಹಳ ಮುಖ್ಯ, ಮೇಡಂ. ಈ ದಿನ ಜಾಲದ ಮೇಲೆ ಹೆಚ್ಚಿನ ಒತ್ತಡವಿದೆ" ಅಂದಿತು.

"ಟೇಬಲ್ ಮ್ಯಾಲೆ ಹೆಣ್ಮಗಳು ದವಡಿ ಇಲ್ಲದ ಮಲಗ್ಯಾಳ್ರಿ."

"ಅರ್ಥವಾಗುತ್ತದೆ ಮೇಡಂ. ತುರ್ತು ವರ್ಗಕ್ಕೆ ವಲಯ ಕಚೇರಿಯ ಒಪ್ಪಿಗೆ ಬೇಕು. ವಲಯ ಕಚೇರಿ ಇಂದು ಪಂದ್ಯದ ನಿಮಿತ್ತ..."

ಅವಳು ಫೋನ್ ಇಟ್ಟಳು. ಮೇಜಿನ ಕೆಳಗಿನ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಕೆಂಡದ ಹಾಗೆ ಸುಡುತ್ತಿತ್ತು. ಒಳಗಿನ ಫ್ಯಾನುಗಳು ಕಿರುಚುತ್ತಿದ್ದವು. ಫಕೀರವ್ವ ಮಲಗಿದ್ದ ಕೋಣೆಗೆ ಒಂದೇ ಗೋಡೆಯ ಅಂತರದಲ್ಲಿ, ಆಸ್ಪತ್ರೆಯ ಕರೆಂಟು ತಿಂದು, ಆಸ್ಪತ್ರೆಯ ಕಾರ್ಡು ಯಾರೋ ಕಾಣದವರಿಗಾಗಿ ಶರಬತ್ತಿನ ಜಾಹೀರಾತು ಬರೆಯುತ್ತಿತ್ತು. ಒಂದೊಂದು ಮುಖಕ್ಕೂ ಒಂದೊಂದು ನಗು, ಒಂದೊಂದು ನಗುವಿಗೂ ಒಂದು ದವಡೆ.

 ಸಾವಂತ್ರಿ ಸ್ಪೀಕರಿನ ಗುಂಡಿ ಒತ್ತಿದಳು.

"ಸರ್, ಮೂಳಿ ಸ್ಕ್ರೂ ಕತ್ತರಸೂ ಇಕ್ಕಳ ಒಂದು ಬೇಕಿತ್ತು. ಹಳೇದ ನಡೀತೈತಿ."

"ಏನ್ ಕತ್ತರಸ್ತೀರಿ?"

"ಸೀಲು."

 ಸೀಲು ಹರಿದರೆ ಏನಾಗುತ್ತದೆಂಬುದು ಇಬ್ಬರಿಗೂ ಗೊತ್ತಿತ್ತು. "ಸಿಸ್ಟರ್" ಎಂದು ಡಾಕ್ಟರು ಯಾರಿಗೋ ಹೇಳಿದ್ದು ಕೇಳಿತು, "ಆ ಮೂಲ್ಯಾಗಿನ ಟ್ರೇದಾಗಿಂದ ದೊಡ್ಡ ಇಕ್ಕಳ ತಗೊಂಡು ಬಾಜೂಕ ಕೊಟ್ಟು ಬರ್ರಿ. ಲಗೂನ."

ತಂತಿ ಟಕ್ಕನೆ ತುಂಡಾಯಿತು. ಸೀಸದ ಬಿಲ್ಲೆ ನೆಲಕ್ಕೆ ಬಿತ್ತು. ತಗಡನ್ನು ಸರಿಸಿದರೆ, ಕಾರ್ಡಿನ ಬೆನ್ನಿನ ಕಿಂಡಿಗಳು ಯಾರೂ ಎಂದೂ ಮುಟ್ಟದ ಹೊಳಪಿನಲ್ಲಿದ್ದವು. ಸಾವಂತ್ರಿ ಮಾನಿಟರಿನ ಕೇಬಲ್ಲನ್ನು ಹಳೆಯ ಜಾಗದಿಂದ ಕಿತ್ತು ಕಾರ್ಡಿಗೆ ಚುಚ್ಚಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಳು.

ಪರದೆ ಬೆಳಗಿತು. ಡಿಸೈನ್ ಸಾಫ್ಟ್‌ವೇರ್ ತೆರೆದಳು. ದವಡೆ ಹಳೆಯ ಹಾಗೆಯೇ ಕುಪ್ಪಳಿಸಿತು. ಕೇಬಲ್ ಕಾರ್ಡಿಗೆ ಜೋಡಿಸಿದ್ದರೂ ಸಾಫ್ಟ್‌ವೇರು ಹಳೆಯ ರೂಢಿಯಂತೆ ಸಣ್ಣ ಚಿತ್ರಘಟಕವನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಸೆಟ್ಟಿಂಗಿನಲ್ಲಿ ಅದನ್ನು ಬದಲಿಸುವ ಗೆರೆಯನ್ನು ಬೂದು ಬಣ್ಣ ಬಳಿದು ಮುಚ್ಚಿದ್ದರು.

"ಎಲ್ಲಿ ಹೋಗ್ತಿ, ನೋಡೇಬಿಡ್ತೇನಿ" ಎಂದು ಹಲ್ಲು ಕಚ್ಚಿ ಮತ್ತೊಮ್ಮೆ ಆರಿಸಿದಳು. ಈ ಸಲ ಕಂಪ್ಯೂಟರು ಕಣ್ಣು ಬಿಡುವ ಮೊದಲೇ ಕೀಲಿ ಒತ್ತಿ ಹಿಡಿದು ಅದರ ಬೇರಿನ ಸೆಟ್ಟಿಂಗಿಗೆ ಇಳಿದಳು. ಅಲ್ಲಿ ಬೂದು ಬಣ್ಣವಿರಲಿಲ್ಲ. ಸೀಲು ಹರಿದು ಇಷ್ಟು ದೂರ ಯಾರಾದರೂ ಬಂದಾರು ಎಂದು ಕಂಪನಿ ಎಣಿಸಿರಲಿಲ್ಲ. ಸಣ್ಣ ಚಿತ್ರಘಟಕವನ್ನು ಅಲ್ಲೇ ಬಂದ್ ಮಾಡಿದಳು. ಇನ್ನು ಸಾಫ್ಟ್‌ವೇರಿಗೆ ಕೇಳುವುದಕ್ಕೆ ಬೇರೆ ಯಾರೂ ಉಳಿಯಲಿಲ್ಲ.

ಪರದೆ ಬಂತು. ಫ್ಯಾನುಗಳ ಕಿರುಚಾಟ ಒಮ್ಮೆ ನಿಂತು, ಬೇರೆಯದೇ ಶ್ರುತಿಯಲ್ಲಿ ಮತ್ತೆ ಎದ್ದಿತು. ಸಾಫ್ಟ್‌ವೇರಿನ ಮೂಲೆಯಲ್ಲಿ ಕಾರ್ಡಿನ ಹೆಸರು ಮೂಡಿತು. ಅವಳು ಮೌಸಿನ ಮೇಲೆ ಬೆರಳಿಟ್ಟು ಎಡಕ್ಕೆಳೆದಳು.

ದವಡೆ ತಿರುಗಿತು. ನೀರಿನಲ್ಲಿ ಮೀನು ತಿರುಗಿದ ಹಾಗೆ. ಅವಳು ಎಳೆದಷ್ಟು, ಎಳೆದ ವೇಗದಲ್ಲಿ, ಬೆರಳು ನಿಂತಲ್ಲಿ ನಿಂತಿತು. ಇಷ್ಟು ವರ್ಷ ಕುಂಟುವ ಚಿತ್ರಗಳನ್ನು ನೋಡಿಯೇ ಮೂಳೆ ಮಾಡಿದ್ದ ಅವಳಿಗೆ ಅಳು ಬಂತು. ಅಳುವಷ್ಟು ಪುರುಸೊತ್ತು ಇರಲಿಲ್ಲ.

ಗದ್ದವನ್ನು ಎಳೆದು ಬಲದ ಅಂಚಿಗೆ ಕೂಡಿಸಿದಳು. ಅಗಿಯುವ ಬಾಯಿಯ ಪರೀಕ್ಷೆ ಹಚ್ಚಿದಳು. ಪರವಾಗಿಲ್ಲ. ಆಮೇಲೆ ಫಕೀರವ್ವ ಕೂಗಿದ ದಿನ ಕ್ಯಾಮೆರಾ ಹಿಡಿದಿದ್ದ ಅಳತೆಯನ್ನು ಹಾಕಿ ಕೂಗುವ ಬಾಯಿಯ ಪರೀಕ್ಷೆಯನ್ನೂ ಹಚ್ಚಿದಳು. ಪರದೆಯ ಮೇಲೆ ದವಡೆ ಅಗಲವಾಗಿ ತೆರೆಯಿತು, ಇನ್ನೂ ಅಗಲವಾಗಿ ತೆರೆಯಿತು. ಆಗ ಕಂಡಿತು. ಕಿವಿಯ ಕೆಳಗಿನ ಕೀಲಿನ ಹತ್ತಿರ ಲೋಹ ಕೆಂಪಗೆ ಹೊತ್ತಿಕೊಂಡಿತು. ಪೂರ್ತಿ ತೆರೆದಾಗ ಅಲ್ಲಿ ತುಂಡು ಮೂಳೆಗೆ ಉಜ್ಜುತ್ತಿತ್ತು. ಇದು ಹೊಸ ಭಾಗವಲ್ಲ, ಜಾಲ ಪಾಸು ಮಾಡಿ ಕಳಿಸಿದ ಹಳೆಯ ಭಾಗ. ಆ ತುಂಡನ್ನೇ ಕೂಡಿಸಿದ್ದರೆ ಫಕೀರವ್ವ ಒಂದು ವಾರ ಸವಾಲು ಕೂಗುವಷ್ಟರಲ್ಲಿ ಕೀಲು ಸವೆದು ಹಿಡಿದುಕೊಳ್ಳುತ್ತಿತ್ತು.

ಅಲ್ಲಿ ಒಂದು ಬಾಗು ಕೊಟ್ಟಳು. ಮತ್ತೆ ಹಚ್ಚಿದಳು. ಕೆಂಪು ಕಡಿಮೆಯಾಯಿತು.

ಅಷ್ಟರಲ್ಲಿ ಮೊಬೈಲು ಬಡಿಯಿತು. ಮಾರುದ್ರಪ್ಪ.

"ಸಾವಂತ್ರೀ" ಅಂದ. "ನಿಮ್ಮ ದವಾಖಾನಿ ದೀಪ ಕೆಂಪಾಗೈತಿ."

"ಗೊತ್ತೈತ್ರಿ."

"ನೀನ ಏನು?"

"ನಾನ."

 ಅವನ ಹಿಂದೆ ಯಾರೋ ಮ್ಯಾಚಿನ ಮಾತಾಡುತ್ತಿದ್ದರು. "ಜಾಲದ ಕೇಬಲ್ ಕಿತ್ತಬಿಡು ಮತ್ತ. ಬೀಗ ನಿನ್ನತನ ಬರೂದಿಲ್ಲ."

"ಕಿತ್ತರ ಸಾಫ್ಟ್‌ವೇರ್ ಮುಚ್ಚಿಕೋತೈತಿ. ಅದರ ಲೈಸನ್ಸು ಆ ಕೇಬಲ್ಲಿನ್ಯಾಗ ಐತಿ. ಹಂಗ ಮಾಡಿ ಕಟ್ಟ್ಯಾರ. ಬೀಗ ಒತ್ತೂದು ನಿಮ್ಮ ಹೆಬ್ಬಟ್ಟ ಅಲ್ಲೇನ್ರಿ?"

"ನಂದ. ಇವತ್ತ ಡ್ಯೂಟಿ ನಂದ." ಅವನು ದನಿ ತಗ್ಗಿಸಿದ. "ಒತ್ತಲಿಲ್ಲಂದ್ರ ಹುಬ್ಬಳ್ಳಿ ಆಫೀಸಿಗೆ ಗೊತ್ತಾಕ್ಕೈತಿ. ನೌಕರಿ ಹೋಗತೈತಿ ಸಾವಂತ್ರಿ."

ಅವಳು ಪರದೆ ನೋಡಿದಳು. ಲೆಕ್ಕ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಗೋಡೆಯಾಚೆ ಇದ್ದವಳ ಹೆಸರು ಹೇಳಿ ಗಂಡನನ್ನು ಕರಗಿಸಬಹುದಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ.

"ನಾ ಒತ್ತಬ್ಯಾಡ್ರಿ ಅಂತ ಹೇಳೂದಿಲ್ಲ" ಅಂದಳು. "ಇಲ್ಲಿ ಏನ್ ನಡದೈತಿ ಅಂತ ಅಷ್ಟ ಹೇಳ್ತೇನಿ. ಒಬ್ಬಾಕಿಗೆ ದವಡಿ ಮಾಡಾಕತ್ತೇನಿ. ಮುಗಿಯೂತನ ನಿಲ್ಲಸೂದಿಲ್ಲ. ನೀವು ಒತ್ತಿದ್ರ ನಿಲ್ಲತೈತಿ. ನಾ ನಿಲ್ಲಸೂದಿಲ್ಲ."

 ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು.

"ಏ ಅಶೋಕಾ" ಎಂದು ಅವನು ಯಾರಿಗೋ ಹೇಳಿದ, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ, "ನಾ ಚಾ ಕುಡದು ಬರ್ತೇನಿ. ನಾ ಬರೂತನ ಯಾರೂ ಏನೂ ಮುಟ್ಟಬ್ಯಾಡ್ರಿ. ಡ್ಯೂಟಿ ನಂದೈತಿ." ಫೋನಿಗೆ ಬಾಯಿ ಹತ್ತಿರ ತಂದು, "ಬಸ್ ಸ್ಟ್ಯಾಂಡಿನ ಚಾದಂಗಡೀಗೆ ಹೊಂಟೇನಿ. ನಡಕೋತ. ದೂರ ಐತಿ" ಅಂದ.

ಅವನು ಹೋದ ದಾರಿಯಲ್ಲಿ ಎಷ್ಟು ಚಹಾದಂಗಡಿಗಳಿದ್ದವೋ, ಎಲ್ಲವನ್ನೂ ದಾಟಿ ನಡೆದನಂತೆ. ಹುಬ್ಬಳ್ಳಿಯಿಂದ ಬಂದ ಫೋನುಗಳು ಅವನ ಜೇಬಿನಲ್ಲಿ ಬಡಿದು ಬಡಿದು ಸುಮ್ಮನಾದವು.

ಪರದೆಯ ಮೇಲಿನ ಕೆಂಪು ಪೂರ್ತಿ ಆರಿ ಹಸಿರಾದಾಗ ಸಾವಂತ್ರಿ ಪ್ರಿಂಟರಿಗೆ ಆಜ್ಞೆ ಕೊಟ್ಟಳು. ಲೋಹದ ಪುಡಿಯ ಮೇಲೆ ಬೆಳಕಿನ ಚುಕ್ಕೆ ಓಡಾಡತೊಡಗಿತು. ಅದು ಮುಗಿದು, ತುಂಡನ್ನು ತೊಳೆದು ಕಾಯಿಸಿ ಸಿಸ್ಟರು ಒಳಗೆ ಒಯ್ದ ಮೇಲೆ ಸ್ಪೀಕರಿನ ಮುಂದೆ ನಿಂತೇ ಕಾದಳು.

"ಸಾವಂತ್ರಿಯವರ" ಎಂದಿತು ಡಾಕ್ಟರ ದನಿ. "ಎಲ್ಲೂ ಅರ ಹಚ್ಚಿ ಉಜ್ಜಬೇಕಾಗಲಿಲ್ಲ. ಹಂಗ ಕೂತತು."

ಕಾರ್ಡಿಗೆ ಬೀಗ ಬಿದ್ದದ್ದು ಅದಾದ ಮೇಲೆ. ಹುಬ್ಬಳ್ಳಿಯಿಂದ ಯಾರೋ ಕಾರು ಮಾಡಿಕೊಂಡು ಓಡಿ ಬಂದು, ಮಾರುದ್ರಪ್ಪನನ್ನು ಡ್ಯೂಟಿಯಿಂದ ತೆಗೆದು, ತಮ್ಮ ಹೆಬ್ಬೆರಳು ಒತ್ತಿದ್ದರು.

ಆ ಸಂಜೆ ಮನೆಯ ಪೆಟ್ಟಿಗೆಯೂ ಸತ್ತಿತು. ನೌಕರಿಯ ಜೊತೆ ಅದಕ್ಕೂ ಬೀಗ ಹಾಕಿದ್ದರು. ಮಾರುದ್ರಪ್ಪ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದ. ಸಾವಂತ್ರಿ ಅವನ ಪಕ್ಕ ಕೂತಳು. ಗುಂಯ್ ಎನ್ನುವ ಸದ್ದು ನಿಂತುಹೋಗಿ ಮನೆಯಲ್ಲಿ ಬೇರೆ ಬೇರೆ ಸದ್ದುಗಳು ಕೇಳುತ್ತಿದ್ದವು: ಓಣಿಯ ನಲ್ಲಿ, ಪಕ್ಕದ ಮನೆಯವರ ಮಾತು, ಬಾಳವ್ವನ ಬಳೆ.

ಬಾಳವ್ವ ತಣ್ಣಗಾದ ಪೆಟ್ಟಿಗೆಯ ಮೇಲಿಂದ ಅರೆ ಒಣಗಿದ ಸಂಡಿಗೆಯನ್ನು ಮೊರಕ್ಕೆ ತುಂಬಿದಳು. "ನನ್ನ ಮಗಾ ಹುಟ್ಟಿದಾಗಿಂದ ಒಬ್ಬರಿಗೆ ಇಲ್ಲ ಅಂದಾವಲ್ಲ" ಅಂದಳು. "ಇವತ್ತ ಅಂದಾನ. ಛಲೋ ಆತು. ಸಂಡಗಿ ನಾಳೆ ಮಾಳಗಿ ಮ್ಯಾಲೆ ಹಾಕ್ತೇನಿ. ಬಿಸಲಿಗೆ ಯಾವ ಕಂಪನಿ ಬೀಗ ಹಾಕತೈತಿ, ನೋಡೂಣು."

ಮಾರುದ್ರಪ್ಪ ತಲೆ ಎತ್ತಿ ತಾಯಿಯನ್ನು ನೋಡಿ, ಹೆಂಡತಿಯನ್ನು ನೋಡಿ, ನಕ್ಕುಬಿಟ್ಟ. ಮುಂದಿನ ವಾರ ಅವನು ಕಪ್ಪತಗುಡ್ಡದ ಕಡೆಯ ಗಾಳಿಗಿರಣಿಗಳ ದುರಸ್ತಿ ಕೆಲಸಕ್ಕೆ ಸೇರಿದ. ಎತ್ತರ ಹತ್ತಲು ಹೆದರಿಕೆ ಆಗುತ್ತದೆ, ಆದರೆ ಅಲ್ಲಿ ಕೆಂಪು ದೀಪ ನೋಡಬೇಕಾಗಿಲ್ಲ ಎನ್ನುತ್ತಿದ್ದ.

ಫಕೀರವ್ವನಿಗೆ ಮಾತು ಬರಲು ಹೊತ್ತು ಹಿಡಿಯಿತು. ಬಾಯಿ ಬಿಚ್ಚಿ ಆಡುವ ಅಕ್ಷರಗಳು ಮೊದಲು ಬಂದವು. ಪ, ಬ, ಮ ಎಂಬ ತುಟಿ ಕೂಡಿಸುವ ಅಕ್ಷರಗಳು ಬರಲೊಲ್ಲವು. ಒಂದು ಮಧ್ಯಾಹ್ನ ಗಂಜಿ ತಂದ ಹುಡುಗಿಯ ಕೈ ಹಿಡಿದು ನಿಲ್ಲಿಸಿ, ಮುಖ ಕೆಂಪಗೆ ಮಾಡಿಕೊಂಡು, "ಉಪ್ಪ!" ಅಂದಳು. ಆಮೇಲೆ ಇನ್ನೂ ಗಟ್ಟಿಯಾಗಿ, "ಉಪ್ಪ ಹಾಕ್ರೇ!" ವಾರ್ಡಿನ ಮಂದಿ ಚಪ್ಪಾಳೆ ಹೊಡೆದರು. ಸುದ್ದಿ ಕೇಳಿ ಸಾವಂತ್ರಿ ಮೆಟ್ಟಿಲಿಳಿದು ಓಡಿ ಬಂದಾಗ ಫಕೀರವ್ವ ಅವಳ ಕೆನ್ನೆ ಹಿಡಿದು, "ತಂಗೀ" ಎಂದು ಇನ್ನೇನೋ ಹೇಳಹೊರಟು, ಆಗದೆ, ತನ್ನ ಗದ್ದವನ್ನು ತಾನೇ ಬೆರಳಿಂದ ತಟ್ಟಿ ತೋರಿಸಿದಳು.

ಸಮೂಹದ ಅಧಿಕಾರಿ ಬಂದದ್ದು ಆ ವಾರವೇ. ಶ್ರೀನಿಧಿ ಎಂದು ಹೆಸರು, ಬೆಂಗಳೂರಿನವನು, ಕೆಟ್ಟವನಲ್ಲ. ಡಿಸೈನ್ ಕೋಣೆಯಲ್ಲಿ ಟ್ರಸ್ಟಿನ ಅಧ್ಯಕ್ಷರು, ಡಾಕ್ಟರ್ ವಿಲ್ಸನ್, ಸಾವಂತ್ರಿ ಕೂತಿದ್ದರು. ಶ್ರೀನಿಧಿ ಚೀಲದಿಂದ ಹೊಸ ತಂತಿ, ಸೀಸದ ಬಿಲ್ಲೆಗಳು, ಒತ್ತುವ ಇಕ್ಕಳ ತೆಗೆದು ಮೇಜಿನ ಮೇಲಿಟ್ಟ.

"ನೋಡಿ ಮೇಡಂ, ಒಳ್ಳೆ ಉದ್ದೇಶಕ್ಕೇ ಮಾಡಿದ್ದೀರಿ, ನಂಗೂ ಗೊತ್ತು" ಅಂದ. "ಕಂಪನಿಯವರೂ ದೊಡ್ಡದು ಮಾಡೋಕೆ ಹೋಗ್ತಿಲ್ಲ. ಕಾರ್ಡಿನ ಬೀಗ ಈಗ್ಲೇ ತೆಗೆದಿದ್ದೀನಿ, ಜಾಲಕ್ಕೆ ಹಾಕ್ತೀನಿ. ನೀವು ಇವರೆದುರಿಗೆ ಒಂದು ಮಾತು 'ತಪ್ಪಾಯ್ತು' ಅಂದ್ಬಿಡಿ. ಮುಗೀತು."

ಅಧ್ಯಕ್ಷರು, "ಅಂದಬಿಡವ್ವಾ. ಒಂದ ಮಾತು. ಇಷ್ಟೂ ದವಾಖಾನಿ ಅದರ ಮ್ಯಾಲೆ ನಿಂತೈತಿ" ಅಂದರು.

ಸಾವಂತ್ರಿ ಎದ್ದು ನಿಂತಳು.

"ತಪ್ಪು ಅಂತ ಯಾವದಕ್ಕ ಅನ್ನಲ್ರಿ ಸಾಹೇಬ್ರ? ಸೀಲು ಹರದಿದ್ದಕ್ಕೋ, ಸೀಲು ಹಾಕಿಸಿಕೊಂಡಿದ್ದಕ್ಕೋ? ಹರದಿದ್ದಕ್ಕ ಅನ್ನೂದಿಲ್ಲ. ನೀವು ಪಾಸ್ ಮಾಡಿದ ದವಡಿ ಆಕಿ ಕೂಗಿದ್ರ ಕೀಲು ತಿಂತಿತ್ತು. ಅದು ನನಗ ಕಂಡಿದ್ದು ಆ ಕಾರ್ಡು ನನ್ನ ಮಾತು ಕೇಳಿದಾಗ. ನಾ ಕುರುಡಿಯಾಗಿ ಎಷ್ಟು ಮಂದಿಗೆ ಮೂಳಿ ಮಾಡೇನೋ, ಅದಕ್ಕ ಬೇಕಾದ್ರ ತಪ್ಪಾತು ಅಂತೇನಿ. ಅವರ ಮುಂದ ಅಂತೇನಿ. ನಿಮ್ಮ ಮುಂದ ಅಲ್ಲ."

"ಮೇಡಂ, ನಿಯಮ ಅಂತ ಇರುತ್ತಲ್ಲ..."

"ನಾಳೆ ಒಬ್ಬಾಂವ ಬರಾಂವ ಅದಾನ, ಮುಂಡರಗಿಯಾಂವ. ಕಣ್ಣಿನ ಕೆಳಗಿನ ಎಲುಬು ಇಲ್ಲ. ಸ್ಕ್ಯಾನು ಆಗಲೇ ಬಂದೈತಿ. ಅವನ ಲೆಕ್ಕ ನಾ ಈ ಕಾರ್ಡಿನ ಮ್ಯಾಲೆ ಮಾಡ್ತೇನಿ. ಸರದಿಗೆ ಕಳಸೂದಿಲ್ಲ. ನೀವು ಸೀಲು ಹಾಕ್ರಿ, ನಾ ಬ್ಯಾಡ ಅನ್ನೂದಿಲ್ಲ, ಅದು ನಿಮ್ಮ ಕೆಲಸ. ಹರಿಯೂದು ನನ್ನ ಕೆಲಸ."

ಅಧ್ಯಕ್ಷರು ಹಣೆ ಒತ್ತಿಕೊಂಡರು. ಶ್ರೀನಿಧಿ ಡಾಕ್ಟರ ಕಡೆ ನೋಡಿದ, ಅವರಾದರೂ ಒಂದು ಮಾತು ಹೇಳಿಯಾರು ಎಂಬಂತೆ. ಡಾಕ್ಟರ್ ವಿಲ್ಸನ್ ಕನ್ನಡಕ ತೆಗೆದು ಒರೆಸಿಕೊಂಡು, "ಇಕ್ಕಳ ಕೊಟ್ಟಾಂವ ನಾನ. ಬೇಕಾದ್ರ ನನ್ನ ಹೆಸರೂ ಹಾಕ್ರಿ" ಅಂದರು.

 ಶ್ರೀನಿಧಿ ಮೇಜಿನ ಕೆಳಗೆ ಬಗ್ಗಿ, ಮಾನಿಟರಿನ ಕೇಬಲ್ ಕಿತ್ತು ಹಳೆಯ ಜಾಗಕ್ಕೆ ಚುಚ್ಚಿ, ತಗಡು ಕೂರಿಸಿ, ತಂತಿ ಪೋಣಿಸಿ, ಬಿಲ್ಲೆ ಒತ್ತಿದ. ಬೇರಿನ ಸೆಟ್ಟಿಂಗಿನಲ್ಲಿ ಸಾವಂತ್ರಿ ಮಾಡಿದ್ದ ಬದಲಾವಣೆ ಅವನ ಕಣ್ಣಿಗೆ ಬೀಳಲಿಲ್ಲ. ಫೋನಿನಲ್ಲಿ ಏನೋ ತಟ್ಟಿದ. ಕಾರ್ಡಿನ ಫ್ಯಾನುಗಳು ಮೇಲೆದ್ದು ಯಾರದೋ ಕೆಲಸಕ್ಕೆ ಹತ್ತಿಕೊಂಡವು. ಅ‍ವನು ಪ್ಯಾಂಟಿನ ಮೊಣಕಾಲು ಝಾಡಿಸಿಕೊಂಡು, ಎಲ್ಲರಿಗೂ ಕೈಮುಗಿದು, ಬಾಗಿಲು ದಾಟಿ ಕಾರಿಡಾರಿಗೆ ಹೋದ.

ಲಿಫ್ಟಿನ ಗುಂಡಿ ಒತ್ತಿ ನಿಂತಿದ್ದಾಗ ಅವನಿಗೆ ಹಿಂದಿನ ಕೋಣೆಯಿಂದ ಟಕ್ ಎಂಬ ಸದ್ದು ಕೇಳಿತು. ಅವನು ತಿರುಗಿದ.

ಬಾಗಿಲು ತೆರೆದೇ ಇತ್ತು. ಸಾವಂತ್ರಿ ಅಧ್ಯಕ್ಷರ ಎದುರಿಗೇ ನೆಲದ ಮೇಲೆ ಮಂಡಿಯೂರಿ, ಬಲಗೈಯಲ್ಲಿ ಇಕ್ಕಳ ಹಿಡಿದು, ಎಡಗೈಯಿಂದ ಕೇಬಲ್ಲನ್ನು ಕಾರ್ಡಿಗೆ ಚುಚ್ಚುತ್ತಿದ್ದಳು. ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು.

"ಸಾಹೇಬ್ರ" ಎಂದು ಕೂಗಿ ಕೇಳಿದಳು, "ಸೀಲು ಇನ್ನೂ ಎಷ್ಟ್ ತಂದೀರಿ?"

ಲಿಫ್ಟು ಬಂದು ಬಾಗಿಲು ತೆರೆಯಿತು, ತುಸು ಹೊತ್ತು ಕಾಯಿತು, ಖಾಲಿಯಾಗಿಯೇ ಮುಚ್ಚಿಕೊಂಡು ಕೆಳಗಿಳಿಯಿತು. ಶ್ರೀನಿಧಿ ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಒಳಗೆ ಮುಂಡರಗಿಯವನ ಮುಖ ಪರದೆಯ ಮೇಲೆ ನಿಧಾನವಾಗಿ, ಎಲ್ಲಿಯೂ ತಡವರಿಸದೆ, ತಿರುಗತೊಡಗಿತ್ತು.